ಸೈನ್ 30 ಒತ್ತಿದರೆ ಮೈನಸ್ ಯಾಕೆ?

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಗ್ಗೆ, ಅದರಲ್ಲೂ ತ್ರಿಕೋನಮಿತಿಯ ಲೆಕ್ಕ ಕೈಕೊಡುವ ಬಗ್ಗೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇವೆ. ಕಾಲೇಜುಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಸಿಯೊ ಆದ್ದರಿಂದ ಗುಂಡಿಗಳ ಹೆಸರು ಅದರದ್ದೇ. ಬೇರೆ ಕಂಪನಿಯದಾದರೂ ವಿಷಯ ಬದಲಾಗದು, ಗುಂಡಿ ಇರುವ ಜಾಗ ಬದಲಾದೀತು.

ಪ್ರಶ್ನೆ: ಸರ್, ಸೈನ್ 30 ಅಂದರೆ ಅರ್ಧ ಅಂತ ಎಸ್ಸೆಸ್ಸೆಲ್ಸಿಯಿಂದ ಬಾಯಿಪಾಠ. ಗೆಳತಿಯಿಂದ ಇಸಕೊಂಡ ಕ್ಯಾಲ್ಕುಲೇಟರಿನಲ್ಲಿ −0.988 ಬರುತ್ತಿದೆ. ಆಫ್ ಮಾಡಿ ಆನ್ ಮಾಡಿದರೂ ಅದೇ. ಕೆಟ್ಟುಹೋಗಿದೆಯಾ?
— ಡಿಪ್ಲೊಮಾ ಮೊದಲ ವರ್ಷದ ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಕೆಟ್ಟಿಲ್ಲ. ನಿಮ್ಮ ಗೆಳತಿ ಅದನ್ನು ರೇಡಿಯನ್‌ನಲ್ಲಿ, ಅಂದರೆ ಕೋನ ಅಳೆಯುವ ಇನ್ನೊಂದು ಮಾನದಲ್ಲಿ ಇಟ್ಟಿದ್ದಾರೆ, ಅಷ್ಟೆ. ನೀವು 30 ಡಿಗ್ರಿ ಅಂದುಕೊಂಡು ಒತ್ತಿದ್ದನ್ನು ಅದು 30 ರೇಡಿಯನ್ ಅಂತ ತೆಗೆದುಕೊಂಡಿದೆ. ಒಂದು ರೇಡಿಯನ್ ಸುಮಾರು 57.296 ಡಿಗ್ರಿ. 30 ರೇಡಿಯನ್ ಅಂದರೆ 1718.87 ಡಿಗ್ರಿ, ಅಂದರೆ ನಾಲ್ಕು ಸುತ್ತು ಪೂರ್ತಿ ಮುಗಿಸಿ ಮೇಲೆ 278.87 ಡಿಗ್ರಿ. ಅಲ್ಲಿ ಸೈನ್ ಬೆಲೆ −0.988 ಆಗಲೇಬೇಕು. ಕ್ಯಾಲ್ಕುಲೇಟರ್ ಸರಿಯಾಗಿಯೇ ಹೇಳಿದೆ, ನೀವು ಕೇಳದ ಪ್ರಶ್ನೆಗೆ.

ಆಫ್ ಮಾಡಿದರೆ ಈ ಸೆಟ್ಟಿಂಗ್ ಅಳಿಯುವುದಿಲ್ಲ. ಬದಲಾಯಿಸುವ ಕ್ರಮ ಮಾದರಿಯ ಮೇಲೆ ಹೋಗುತ್ತದೆ; ಎಂಎಸ್, ಇಎಸ್, ಇಎಕ್ಸ್ ಎಂಬ ಮಾದರಿಯ ಹೆಸರು ಕ್ಯಾಲ್ಕುಲೇಟರಿನ ಮೇಲೇ ಬರೆದಿರುತ್ತದೆ. ಎಂಎಸ್ ಮಾದರಿಗಳಲ್ಲಿ ಪರದೆಯ ಮೇಲೆ ಡೆಗ್, ರಾಡ್, ಗ್ರಾ ಎಂಬ ಮೂರು ಹೆಸರು ಸಾಲಾಗಿ ಬರುವವರೆಗೆ ಮೋಡ್ ಗುಂಡಿ ಒತ್ತುತ್ತಾ ಹೋಗಿ. 82ಎಂಎಸ್‌ನಲ್ಲಿ ಎರಡು ಸಲ, 991ಎಂಎಸ್‌ನಲ್ಲಿ ನಾಲ್ಕು ಸಲ. ಆಮೇಲೆ 1 ಒತ್ತಿದರೆ ಡಿಗ್ರಿ. ಇಎಸ್ ಮತ್ತು ಇಎಸ್ ಪ್ಲಸ್‌ನಲ್ಲಿ ಶಿಫ್ಟ್, ಮೋಡ್, ಆಮೇಲೆ 3. 991ಇಎಕ್ಸ್‌ನಲ್ಲಿ ಶಿಫ್ಟ್, ಮೆನು, 2, ಆಮೇಲೆ 1. ಡಿಆರ್‌ಜಿ ಅಂತ ಒಂದೇ ಗುಂಡಿ ಇರುವ ಕ್ಯಾಲ್ಕುಲೇಟರುಗಳಲ್ಲಿ ಅದನ್ನು ಒತ್ತಿದ ಹಾಗೆಲ್ಲ ಡಿಗ್ರಿ, ರೇಡಿಯನ್, ಗ್ರೇಡಿಯನ್ (ಕೋನದ ಮೂರನೆಯ ಮಾನ) ಒಂದಾದ ಮೇಲೊಂದು ತಿರುಗುತ್ತವೆ. ಚೀಲದಲ್ಲಿ ಪುಸ್ತಕ ಒತ್ತಿಯೂ ಬದಲಾಗಬಹುದು.

ಯಾವುದರಲ್ಲಿದೆ ಅನ್ನುವುದನ್ನು ಪರದೆಯ ಮೇಲಂಚಿನಲ್ಲಿ ಚಿಕ್ಕದಾಗಿ ಡಿ, ಆರ್ ಅಥವಾ ಜಿ ಇಂಗ್ಲಿಷ್ ಅಕ್ಷರ ಹೇಳುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಅದು ಕಾಣದಿದ್ದರೂ ಚಿಂತೆಯಿಲ್ಲ. ಲೆಕ್ಕಕ್ಕೆ ಕೈ ಹಾಕುವ ಮೊದಲು ಸೈನ್ 30 ಒಂದು ಸಲ ಒತ್ತಿ. 0.5 ಅಥವಾ ಅರ್ಧದ ಭಿನ್ನರಾಶಿ ಬಂದರೆ ಡಿಗ್ರಿ. −0.988 ಬಂದರೆ ರೇಡಿಯನ್. 0.454 ಬಂದರೆ ಗ್ರೇಡಿಯನ್. ಈ ಮೂರು ಸಂಖ್ಯೆಗಳ ಮುಖಪರಿಚಯ ಇದ್ದರೆ ಸಾಕು.

ಮೈನಸ್ ಬಂದದ್ದು ನಿಮ್ಮ ಅದೃಷ್ಟ, ಅನುಮಾನ ಬಂತು. ಎಲ್ಲಾ ಸಲವೂ ಹಾಗೆ ಬರುವುದಿಲ್ಲ. ಮೈಸೂರಿನ ದೊಡ್ಡ ಗಡಿಯಾರವನ್ನೇ ತೆಗೆದುಕೊಳ್ಳಿ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು, ಎತ್ತರ 75 ಅಡಿ. ಬುಡದಿಂದ 30 ಮೀಟರ್ ದೂರದಲ್ಲಿ ನಿಂತು, ನೆಲದಿಂದ ಒಂದೂವರೆ ಮೀಟರ್ ಎತ್ತರದ ಕಣ್ಣಿನಿಂದ ತುದಿ ನೋಡಿದರೆ ಏರುಕೋನ ಸುಮಾರು 35.5 ಡಿಗ್ರಿ ಇರಬೇಕು. 30 × ಟ್ಯಾನ್ 35.5 + 1.5 ಮಾಡಿದರೆ 22.9 ಮೀಟರ್, ಅಂದರೆ 75 ಅಡಿ. ಸರಿ. ಇದೇ ಲೆಕ್ಕ ರೇಡಿಯನ್‌ನಲ್ಲಿ 42.8 ಮೀಟರ್ ಕೊಡುತ್ತದೆ. ಮೈನಸ್ ಇಲ್ಲ, ಎರರ್ ಇಲ್ಲ, 140 ಅಡಿ ಎತ್ತರದ ಗೋಪುರ! ಗ್ರೇಡಿಯನ್‌ನಲ್ಲಿ 20.2 ಮೀಟರ್. ಇದು ಇನ್ನೂ ಕೆಟ್ಟದ್ದು, ಯಾಕೆಂದರೆ ಅಳತೆಯಲ್ಲೇ ಸ್ವಲ್ಪ ಹೆಚ್ಚುಕಮ್ಮಿ ಆಗಿರಬೇಕು ಅಂದುಕೊಂಡು ಬರೆದುಬಿಡುತ್ತೀರಿ. ಲಂಬಕೋನವನ್ನು 90ರ ಬದಲು 100 ಭಾಗ ಮಾಡುವುದು ಗ್ರೇಡಿಯನ್. ನಮ್ಮ ಪಠ್ಯಗಳಲ್ಲಿ ಅದಕ್ಕೆ ಕೆಲಸವಿಲ್ಲ. ಜಿ ಅಕ್ಷರ ಕಂಡ ತಕ್ಷಣ ಬದಲಾಯಿಸಿ.

ಬೇರೆಯವರ ಕ್ಯಾಲ್ಕುಲೇಟರ್ ಕೈಗೆ ಬಂದಾಗ, ಏನೇನು ಬದಲಾಯಿಸಿದ್ದಾರೋ ತಿಳಿಯದಿದ್ದರೆ ಎಲ್ಲವನ್ನೂ ಮೂಲಸ್ಥಿತಿಗೆ ತರುವುದೇ ಮೇಲು. ಇಎಸ್ ಪ್ಲಸ್‌ನಲ್ಲಿ ಶಿಫ್ಟ್, 9, 1, =, ಎಸಿ. ಎಂಎಸ್‌ನಲ್ಲಿ ಶಿಫ್ಟ್, ಮೋಡ್, 2, =. ಡಿಗ್ರಿಗೆ ಬಂದು ನಿಲ್ಲುತ್ತದೆ. ಮೆಮೊರಿಯಲ್ಲಿ ಇಟ್ಟ ಸಂಖ್ಯೆಗಳು ಇದರಿಂದ ಹೋಗುವುದಿಲ್ಲ. ಅವೂ ಹೋಗಬೇಕೆಂದರೆ ಎರಡರಲ್ಲೂ ಆ ಕೊನೆಯ ಅಂಕಿಯ ಜಾಗದಲ್ಲಿ 3. ಸೆಲ್ ಬದಲಾಯಿಸಿದ ಮೇಲೂ ಈ 3 ಒತ್ತಿ ಶುರು ಮಾಡುವುದು ಒಳ್ಳೆಯದು.

ಪ್ರಶ್ನೆ: ಸೈನ್ ಬಾರ್ 200 ಮಿ.ಮೀ., ಕೋನ 12 ಡಿಗ್ರಿ 30 ಮಿನಿಟ್. ನನಗೆ ಎತ್ತರ 42.606 ಬಂತು. ಇನ್‌ಸ್ಟ್ರಕ್ಟರ್ 43.288 ಅನ್ನುತ್ತಾರೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲೇ ಇದೆ, ಸೈನ್ 30 ಕೂಡ ಸರಿಯಾಗೇ ಬರುತ್ತೆ.
— ಐಟಿಐ ಫಿಟ್ಟರ್ ವಿದ್ಯಾರ್ಥಿ, ಹೂಟಗಳ್ಳಿ, ಮೈಸೂರು

ಉತ್ತರ: ಸೈನ್ ಬಾರ್ ಅಂದರೆ ಬೇಕಾದ ಕೋನಕ್ಕೆ ಓರೆ ನಿಲ್ಲಿಸುವ ಉಕ್ಕಿನ ಪಟ್ಟಿ; ಒಂದು ತುದಿಯನ್ನು ಎತ್ತಬೇಕಾದ ಎತ್ತರ ಅದರ ಉದ್ದ × ಸೈನ್ ಕೋನ. ನೀವು 12.30 ಅಂತ ಒತ್ತಿದ್ದೀರಿ. 30 ಮಿನಿಟ್ ಅಂದರೆ ಅರ್ಧ ಡಿಗ್ರಿ, ಕೋನ 12.5. ಚುಕ್ಕಿಯ ಆಚೆಯದು ನೂರರ ಲೆಕ್ಕ, ಮಿನಿಟು ಅರವತ್ತರ ಲೆಕ್ಕ. ವರ್ಕ್‌ಶಾಪಿನಲ್ಲಿ ಅತಿ ಹೆಚ್ಚು ನಡೆಯುವ ಎಡವಟ್ಟು ಇದೇ.

ಸರಿಯಾದ ದಾರಿ ಡಿಗ್ರಿ-ಮಿನಿಟ್-ಸೆಕೆಂಡ್ ಗುಂಡಿ. ಅದರ ಮೇಲೆ ಒಂದು ಸೊನ್ನೆ, ಒಂದು ಗೀಟು, ಎರಡು ಗೀಟು (° ′ ″) ಬರೆದಿರುತ್ತದೆ. 12 ಒತ್ತಿ ಆ ಗುಂಡಿ, 30 ಒತ್ತಿ ಮತ್ತೆ ಆ ಗುಂಡಿ. ಪೂರ್ತಿ ಲೆಕ್ಕ: 200 × ಸೈನ್ 12°30° =. ಪರದೆಯ ಮೇಲೆ 12°30° ಅಂತ ಎರಡೂ ಕಡೆ ಸೊನ್ನೆಯೇ ಕಂಡರೆ ಗಾಬರಿಯಾಗಬೇಡಿ, ಎರಡನೆಯದನ್ನು ಅದು ಮಿನಿಟ್ ಅಂತಲೇ ಓದುತ್ತದೆ. ಬರೀ 15 ಮಿನಿಟ್ ಹಾಕಬೇಕಾದರೆ ಮೊದಲು 0 ಒತ್ತಿ ಗುಂಡಿ ಒತ್ತಬೇಕು. ಅದನ್ನು ಬಿಟ್ಟರೆ 15 ಡಿಗ್ರಿ ಆಗಿಬಿಡುತ್ತದೆ.

ಉತ್ತರ 43.2879, ಮೂರು ದಶಮಾಂಶಕ್ಕೆ 43.288. ಆ ಎತ್ತರಕ್ಕೆ ಜೋಡಿಸುವ ಸ್ಲಿಪ್ ಗೇಜ್ (ಕರಾರುವಾಕ್ಕು ದಪ್ಪದ ತುಂಡುಗಳು) 87 ತುಂಡಿನ ಸೆಟ್ಟಿನಲ್ಲಿ ಕೊನೆಯ ಅಂಕಿಯಿಂದ ಕಳೆಯುತ್ತಾ ಬನ್ನಿ: 1.008, 1.28, 1, 40. ನಾಲ್ಕೇ ತುಂಡು. ನಿಮ್ಮ 42.606ರಲ್ಲಿ ಜೋಡಿಸಿದ್ದರೆ 0.68 ಮಿ.ಮೀ. ತಗ್ಗುತ್ತಿತ್ತು. ಸ್ಲಿಪ್ ಗೇಜ್ ಹಿಡಿದು ಮಾಡುವ ಕೆಲಸದಲ್ಲಿ ಅದು ಹೊಲದಷ್ಟು ಅಗಲ.

ಉತ್ತರ ಓದುವಾಗಲೂ ಇದೇ ತಪ್ಪು ತಿರುಗಿ ಬರುತ್ತದೆ. ಲೇತಿನಲ್ಲಿ ಟೇಪರ್ (ಒಂದು ತುದಿಗೆ ಸಣ್ಣಗಾಗುತ್ತಾ ಹೋಗುವ ಆಕಾರ): ದೊಡ್ಡ ವ್ಯಾಸ 40, ಚಿಕ್ಕ ವ್ಯಾಸ 30, ಉದ್ದ 60 ಮಿ.ಮೀ. ಕಾಂಪೌಂಡ್ ಸ್ಲೈಡ್ (ಕತ್ತರಿಸುವ ಉಳಿ ಹೊತ್ತ, ಓರೆ ತಿರುಗಿಸಬಹುದಾದ ಭಾಗ) ತಿರುಗಿಸಬೇಕಾದ ಕೋನಕ್ಕೆ ವ್ಯಾಸಗಳ ವ್ಯತ್ಯಾಸ 10ನ್ನು ಉದ್ದದ ಎರಡರಷ್ಟು, ಅಂದರೆ 120ರಿಂದ ಭಾಗಿಸಿ ಟ್ಯಾನ್⁻¹ ತೆಗೆಯಬೇಕು. ಶಿಫ್ಟ್, ಟ್ಯಾನ್, ಬ್ರಾಕೆಟ್ ತೆರೆದು 10 ÷ 120, ಬ್ರಾಕೆಟ್ ಮುಚ್ಚಿ =. ಬರುವುದು 4.7636. ಇದನ್ನು 4 ಡಿಗ್ರಿ 76 ಮಿನಿಟ್ ಅಂತ ಓದಬೇಡಿ. 76 ಮಿನಿಟ್ ಅನ್ನುವುದು ಅಲ್ಲಿ ಇರಲಾರದು, 60ಕ್ಕೇ ಡಿಗ್ರಿ ಮುಗಿಯುತ್ತದೆ. ಉತ್ತರ ಪರದೆಯ ಮೇಲಿರುವಾಗಲೇ ಅದೇ ° ′ ″ ಗುಂಡಿ ಒತ್ತಿ: 4 ಡಿಗ್ರಿ 45 ಮಿನಿಟ್ 49 ಸೆಕೆಂಡ್ ಅಂತ ತೋರಿಸುತ್ತದೆ. ಸ್ಲೈಡನ್ನು ನಾಲ್ಕೂಮುಕ್ಕಾಲಿಗಿಂತ ಕೂದಲೆಳೆ ಹೆಚ್ಚು ತಿರುಗಿಸಿ.

ಅಂದ ಹಾಗೆ ಮೈಸೂರಿನ ಅಕ್ಷಾಂಶ 12 ಡಿಗ್ರಿ 18 ಮಿನಿಟ್. ಫೋನಿನ ನಕ್ಷೆಯಲ್ಲಿ 12.30 ಅಂತ ಕಾಣುತ್ತದೆ. ಎರಡೂ ಒಂದೇ ಜಾಗ. ಸೋಲಾರ್ ಪ್ಯಾನೆಲ್ ಓರೆ ಲೆಕ್ಕ ಹಾಕುವವರು 12.18 ಅಂತ ಒತ್ತದಿರಲಿ.

ಪ್ರಶ್ನೆ: ಒಂದೇ ಲೆಕ್ಕ. ನನ್ನ 82ಎಂಎಸ್‌ನಲ್ಲಿ ಸೈನ್² 30 ಸೊನ್ನೆ ಬರುತ್ತೆ, ಗೆಳೆಯನ ಇಎಸ್ ಪ್ಲಸ್‌ನಲ್ಲಿ 0.25. ಇನ್ನೊಂದು, ಕೊಸೆಕ್ ಬೇಕಾದಾಗ ಸೈನ್⁻¹ ಒತ್ತಿದರೆ ಮ್ಯಾತ್ ಎರರ್.
— ಬಿ.ಇ. ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ಎರಡನೆಯದು ಮೊದಲು. ಗುಂಡಿಯ ಮೇಲಿನ ಸೈನ್⁻¹ ವಿಲೋಮ ಫಲನ: ಬೆಲೆ ಕೊಟ್ಟರೆ ಕೋನ ಕೊಡುತ್ತದೆ. 30 ಅನ್ನುವ ಸೈನ್ ಬೆಲೆ ಎಲ್ಲೂ ಇಲ್ಲ, −1ರಿಂದ 1ರೊಳಗೆ ಇರಬೇಕು. ಅದಕ್ಕೇ ಎರರ್. ಕೊಸೆಕ್ 30 ಬೇಕಾದರೆ 1 ÷ ಸೈನ್ 30, ಉತ್ತರ 2. ಸೆಕ್, ಕಾಟ್ ಕೂಡ ಹೀಗೆಯೇ. ಆದರೆ ಕಾಟ್ 90ಕ್ಕೆ 1 ÷ ಟ್ಯಾನ್ 90 ಹಾಕಿದರೆ ಮತ್ತೆ ಎರರ್, ಟ್ಯಾನ್ 90 ಎಂಬುದೇ ಇಲ್ಲವಲ್ಲ. ಅಲ್ಲಿ ಕಾಸ್ 90 ÷ ಸೈನ್ 90 ಹಾಕಿ, ಸರಿಯಾಗಿ ಸೊನ್ನೆ ಬರುತ್ತದೆ.

ಈಗ ಸೈನ್² ವಿಷಯ. ಎಂಎಸ್ ಮಾದರಿಗಳು ವರ್ಗವನ್ನು ಮೊದಲು ಮಾಡಿ ಆಮೇಲೆ ಸೈನ್ ತೆಗೆಯುತ್ತವೆ. ಸೈನ್, 30, ವರ್ಗ ಅಂತ ಒತ್ತಿದರೆ ಅದು 30ರ ವರ್ಗ 900, ಸೈನ್ 900 ಅಂತ ಹೋಗುತ್ತದೆ. 900 ಡಿಗ್ರಿ ಅಂದರೆ ಎರಡು ಸುತ್ತು ಮತ್ತು 180, ಸೈನ್ ಸೊನ್ನೆ. ಇಎಸ್‌ನಲ್ಲಿ ಸೈನ್ ಒತ್ತಿದರೆ ಬ್ರಾಕೆಟ್ ತಾನೇ ತೆರೆದುಕೊಳ್ಳುತ್ತದೆ. ನಿಮ್ಮ ಗೆಳೆಯ 30 ಆದ ಮೇಲೆ ಬ್ರಾಕೆಟ್ ಮುಚ್ಚಿ ವರ್ಗ ಒತ್ತಿದ್ದಾರೆ, ಆದ್ದರಿಂದ ಸರಿ ಬಂತು. ಮುಚ್ಚದೆ ಒತ್ತಿದ್ದರೆ ಅವರಿಗೂ ಸೊನ್ನೆಯೇ. ಯಾವುದೇ ಮಾದರಿ ಆಗಲಿ, ಬ್ರಾಕೆಟ್ ತೆರೆದು ಸೈನ್ 30 ಬರೆದು, ಪೂರ್ತಿ ಮುಚ್ಚಿ, ಆಮೇಲೆ ವರ್ಗ.

ಎಂಎಸ್ ಇಟ್ಟುಕೊಂಡವರು ಇನ್ನೆರಡು ಕಡೆ ಎಚ್ಚರ ವಹಿಸಬೇಕು. ಸೈನ್ 2 × 30 ಅಂತ ಒತ್ತಿದರೆ ಸೈನ್ 60 ಬರುವುದಿಲ್ಲ. ಸೈನ್ 2 ತೆಗೆದು ಅದನ್ನು 30ರಿಂದ ಗುಣಿಸಿ 1.047 ಕೊಡುತ್ತದೆ. ಸೈನ್ ಒಂದನ್ನು ಮೀರದು ಅನ್ನುವುದು ನೆನಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ರೇಡಿಯನ್‌ನಲ್ಲಿಟ್ಟು ಸೈನ್ π ÷ 6 ಒತ್ತಿದರೆ ಸೊನ್ನೆ. ಸೈನ್ π ಸೊನ್ನೆ, ಅದನ್ನು 6ರಿಂದ ಭಾಗಿಸಿದರೂ ಸೊನ್ನೆ. ಇದು ಅಷ್ಟು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಕೋನ ಒಂದು ಸಂಖ್ಯೆಗಿಂತ ಹೆಚ್ಚಿದ್ದರೆ ಬ್ರಾಕೆಟ್ ಕಡ್ಡಾಯ ಅಂತಿಟ್ಟುಕೊಳ್ಳಿ.

ಇಎಸ್‌ನವರ ಕಷ್ಟ ಇದಕ್ಕೆ ತಿರುಗುಮುರುಗು. ತಾನೇ ತೆರೆದ ಬ್ರಾಕೆಟ್ಟನ್ನು ಮುಚ್ಚಲು ಮರೆಯುತ್ತಾರೆ. ಸೈನ್ 30 + ಕಾಸ್ 60 ಒಂದು ಆಗಬೇಕು. ಮುಚ್ಚದೆ ಹೋದರೆ ಅದು 30ಕ್ಕೆ ಕಾಸ್ 60 ಸೇರಿಸಿ, 30.5ರ ಸೈನ್ ತೆಗೆದು 0.5075 ಕೊಡುತ್ತದೆ. ಬ್ರಾಕೆಟ್ ಮುಚ್ಚಿಲ್ಲ ಅಂತ ಅದು ದೂರುವುದಿಲ್ಲ, = ಒತ್ತಿದಲ್ಲಿ ತಾನೇ ಮುಚ್ಚಿಕೊಂಡುಬಿಡುತ್ತದೆ.

ಪ್ರಶ್ನೆ: ಸರ್ವೆಯ ಟ್ರಾವರ್ಸ್ (ಒಂದಕ್ಕೊಂದು ಜೋಡಿಸಿ ಅಳೆದ ಗೆರೆಗಳ) ಲೆಕ್ಕದಲ್ಲಿ ಲ್ಯಾಟಿಟ್ಯೂಡ್ −40, ಡಿಪಾರ್ಚರ್ +30. ಬೇರಿಂಗ್‌ಗೆ ಟ್ಯಾನ್⁻¹ ತೆಗೆದರೆ −36.87 ಬರುತ್ತಿದೆ. ಇದಕ್ಕೆ 360 ಸೇರಿಸಲೋ, 180 ಸೇರಿಸಲೋ?
— ಸರ್ವೆ ಕೆಲಸದ ಸಹಾಯಕರು, ಪಾಂಡವಪುರ

ಉತ್ತರ: 180. ಆದರೆ ಯಾಕೆ ಅನ್ನುವುದು ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನ ಗೆರೆಯಲ್ಲಿ ಮತ್ತೆ ಇದೇ ಗೊಂದಲ. ಲ್ಯಾಟಿಟ್ಯೂಡ್ ಅಂದರೆ ಗೆರೆ ಉತ್ತರಕ್ಕೆ ಹೋದ ದೂರ (ಮೈನಸ್ ಆದರೆ ದಕ್ಷಿಣಕ್ಕೆ), ಡಿಪಾರ್ಚರ್ ಅಂದರೆ ಪೂರ್ವಕ್ಕೆ ಹೋದದ್ದು (ಮೈನಸ್ ಆದರೆ ಪಶ್ಚಿಮಕ್ಕೆ), ಬೇರಿಂಗ್ ಅಂದರೆ ಉತ್ತರದಿಂದ ಪೂರ್ವದ ಕಡೆಗೆ ಎಣಿಸಿದ ಕೋನ. ಟ್ಯಾನ್⁻¹ ಗುಂಡಿ −90ರಿಂದ 90ರೊಳಗಿನ ಕೋನವನ್ನಷ್ಟೇ ಕೊಡಬಲ್ಲದು. 30ನ್ನು −40ರಿಂದ ಭಾಗಿಸಿದ ಕೂಡಲೇ −0.75 ಆಯಿತು. ಮೈನಸ್ ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಅನ್ನುವ ಗುರುತು ಅಲ್ಲೇ ಅಳಿಸಿಹೋಯಿತು. ಪೂರ್ವಕ್ಕೆ 30, ದಕ್ಷಿಣಕ್ಕೆ 40 ಹೋದರೂ −0.75. ಪಶ್ಚಿಮಕ್ಕೆ 30, ಉತ್ತರಕ್ಕೆ 40 ಹೋದರೂ −0.75. ನಿಮ್ಮದು ಆಗ್ನೇಯ ದಿಕ್ಕು, ಅಲ್ಲಿ 90ರಿಂದ 180ರೊಳಗೆ ಇರಬೇಕು: 180 − 36.87 = 143.13, ಅಂದರೆ 143 ಡಿಗ್ರಿ 7 ಮಿನಿಟ್ 48 ಸೆಕೆಂಡ್.

ಲ್ಯಾಟಿಟ್ಯೂಡ್ ಮೈನಸ್ ಇದ್ದರೆ, ಡಿಪಾರ್ಚರ್ ಏನೇ ಇರಲಿ, ಬಂದ ಉತ್ತರಕ್ಕೆ 180 ಸೇರಿಸಿ. ಲ್ಯಾಟಿಟ್ಯೂಡ್ ಪ್ಲಸ್ ಇದ್ದು ಡಿಪಾರ್ಚರ್ ಮೈನಸ್ ಇದ್ದರೆ 360 ಸೇರಿಸಿ. ಎರಡೂ ಪ್ಲಸ್ ಆದರೆ ಬಂದದ್ದೇ ಬೇರಿಂಗ್.

ಇಷ್ಟೂ ತಲೆನೋವು ಬೇಡವಾದರೆ ಪೋಲ್ ಅನ್ನುವ ಗುಂಡಿ ಬಳಸಿ. ಇಎಸ್ ಪ್ಲಸ್‌ನಲ್ಲಿ ಶಿಫ್ಟ್, + ಒತ್ತಿದರೆ ಪೋಲ್ ಬರುತ್ತದೆ. ಆಮೇಲೆ −40, ಅಲ್ಪವಿರಾಮಕ್ಕೆ ಶಿಫ್ಟ್ ಮತ್ತು ಮುಚ್ಚುವ ಬ್ರಾಕೆಟ್, 30, ಬ್ರಾಕೆಟ್ ಮುಚ್ಚಿ =. ಗೆರೆಯ ಉದ್ದ 50, ಕೋನ 143.13 ಒಟ್ಟಿಗೇ ಸಿಗುತ್ತವೆ. ಎಂಎಸ್‌ನಲ್ಲಿ ಮೊದಲು ಉದ್ದ ತೋರಿಸುತ್ತದೆ, ಕೋನಕ್ಕೆ ಆರ್‌ಸಿಎಲ್, ಎಫ್. ಕಡ್ಡಾಯವಾಗಿ ಲ್ಯಾಟಿಟ್ಯೂಡ್ ಮೊದಲು, ಡಿಪಾರ್ಚರ್ ಆಮೇಲೆ. ಹಾಗೆ ಹಾಕಿದರೆ ಕೋನ ಉತ್ತರದಿಂದ ಪೂರ್ವದ ಕಡೆಗೆ ಎಣಿಸಿ ಬರುತ್ತದೆ. ಪೋಲ್ ಕೊಡುವುದು −180ರಿಂದ 180ರವರೆಗೆ. ಮೈನಸ್ ಬಂದರೆ ಮಾತ್ರ 360 ಸೇರಿಸಬೇಕು. ಮೈನಸ್ 40 ಹಾಕುವಾಗ ಕಳೆಯುವ ಗುಂಡಿ ಬೇಡ, ಬ್ರಾಕೆಟ್ಟಿನೊಳಗೆ ಮೈನಸ್ ಬರೆದ ಚಿಕ್ಕ ಗುಂಡಿಯನ್ನೇ ಒತ್ತಿ.

ಪ್ರಶ್ನೆ: 325 ಸೈನ್ (100πt + 30°), t = 5 ಮಿಲಿಸೆಕೆಂಡ್. ಡಿಗ್ರಿಯಲ್ಲಿಟ್ಟರೂ ತಪ್ಪು, ರೇಡಿಯನ್‌ನಲ್ಲಿಟ್ಟರೂ ತಪ್ಪು. ಇಂಟಿಗ್ರಲ್ ಲೆಕ್ಕವೂ 991ರಲ್ಲಿ ಹೊಂದುತ್ತಿಲ್ಲ.
— ಎಲೆಕ್ಟ್ರಿಕಲ್ ವಿದ್ಯಾರ್ಥಿನಿ, ಮದ್ದೂರು

ಉತ್ತರ: ಬ್ರಾಕೆಟ್ಟಿನೊಳಗೆ ಎರಡು ಮಾನ ಬೆರೆತಿವೆ. 100πt ರೇಡಿಯನ್, 30 ಡಿಗ್ರಿ. ಪುಸ್ತಕದಲ್ಲಿ ಹಾಗೆ ಬರೆಯುವುದು ರೂಢಿ, ಕ್ಯಾಲ್ಕುಲೇಟರಿಗೆ ಅದು ಅರ್ಥವಾಗದು. ರೇಡಿಯನ್‌ನಲ್ಲಿಟ್ಟು 30ನ್ನು ಹಾಗೇ ಸೇರಿಸಿದರೆ 50.13 ವೋಲ್ಟ್ ಬರುತ್ತದೆ. ಸರಿಯಾದದ್ದು 281.46.

ಸುಲಭದ ಉಪಾಯ: 100π ರೇಡಿಯನ್ ಅಂದರೆ 18000 ಡಿಗ್ರಿ. 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 50 ಸುತ್ತು, ಸುತ್ತಿಗೆ 360. ಡಿಗ್ರಿಯಲ್ಲಿಟ್ಟು 325 × ಸೈನ್ (18000 × 0.005 + 30) ಮಾಡಿ. ಒಳಗೆ 90 + 30 = 120. ಮನಸ್ಸಿನಲ್ಲೇ ಸರಿ ನೋಡಬಹುದು ಅನ್ನುವುದು ಇದರ ಲಾಭ. ಇನ್ನೊಂದು ದಾರಿ ಶಿಫ್ಟ್, ಆನ್ಸ್ ಒತ್ತಿದರೆ ಸಿಗುವ ಡಿಆರ್‌ಜಿ: ಮೋಡ್ ಡಿಗ್ರಿಯಲ್ಲಿದ್ದರೂ ಈ ಒಂದು ಸಂಖ್ಯೆ ಮಾತ್ರ ರೇಡಿಯನ್ ಅಂತ ಗುರುತು ಹಾಕುತ್ತದೆ. 100π × 0.005ನ್ನು ಬ್ರಾಕೆಟ್ಟಿನಲ್ಲಿಟ್ಟು, ಬ್ರಾಕೆಟ್ ಮುಚ್ಚಿದ ಮೇಲೆ ಶಿಫ್ಟ್, ಆನ್ಸ್, 2. ಬ್ರಾಕೆಟ್ ಬಿಟ್ಟರೆ ಗುರುತು ಕೊನೆಯ 0.005ಕ್ಕೆ ಮಾತ್ರ ಅಂಟಿಕೊಳ್ಳುತ್ತದೆ.

ಇಂಟಿಗ್ರಲ್, ಡೆರಿವೇಟಿವ್ ಮಾತ್ರ ರೇಡಿಯನ್‌ನಲ್ಲೇ. ಇದರಲ್ಲಿ ರಾಜಿ ಇಲ್ಲ. ಸೈನ್‌ನ ಡೆರಿವೇಟಿವ್ ಕಾಸ್ ಎಂಬ ಸೂತ್ರ ನಿಂತಿರುವುದೇ ಕೋನ ರೇಡಿಯನ್‌ನಲ್ಲಿದೆ ಅನ್ನುವುದರ ಮೇಲೆ. ಡಿಗ್ರಿಯಲ್ಲಿಟ್ಟು ಸೊನ್ನೆಯ ಹತ್ತಿರ ಸೈನ್‌ನ ಡೆರಿವೇಟಿವ್ ಕೇಳಿದರೆ 1ರ ಬದಲು 0.01745 ಬರುತ್ತದೆ, ಅಂದರೆ π ಭಾಗಿಸು 180. ಸೊನ್ನೆಯಿಂದ π ವರೆಗೆ ಸೈನ್‌ನ ಇಂಟಿಗ್ರಲ್ 2 ಆಗಬೇಕಾದದ್ದು 0.0861 ಆಗುತ್ತದೆ. ಉತ್ತರದಲ್ಲಿ 0.01745 ಕಂಡರೆ ಕಾರಣ ಹುಡುಕುತ್ತಾ ಕೂರಬೇಡಿ, ಮೋಡ್ ನೋಡಿ.

ಪ್ರಶ್ನೆ: ಮಗ ಕ್ಯಾಲ್ಕುಲೇಟರಿನಲ್ಲಿ ಮಾಡಿದ್ದನ್ನು ನಾನು ಫೋನಿನಲ್ಲಿ ತಾಳೆ ನೋಡುತ್ತೇನೆ. ಒಂದಕ್ಕೊಂದು ಹೊಂದುವುದಿಲ್ಲ. ಯಾವುದನ್ನು ನಂಬಲಿ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಫೋನಿನಲ್ಲೂ ಮೊದಲು ಸೈನ್ 30 ಒತ್ತಿ ನೋಡಿ. ಐಫೋನಿನಲ್ಲಿ ಒಂದು ಮೋಸವಿದೆ: ಗುಂಡಿಯ ಮೇಲೆ ರಾಡ್ ಅಂತ ಬರೆದಿದ್ದರೆ ಅದು ಈಗ ಡಿಗ್ರಿಯಲ್ಲಿದೆ ಅಂತ ಅರ್ಥ. ಒತ್ತಿದರೆ ರಾಡ್‌ಗೆ ಹೋಗುತ್ತದೆ, ಆಗ ಗುಂಡಿಯ ಹೆಸರು ಡೆಗ್ ಆಗುತ್ತದೆ. ಗುಂಡಿ ಹೇಳುವುದು ಹೋಗಬಹುದಾದ ಜಾಗವನ್ನು, ಇರುವ ಜಾಗವನ್ನಲ್ಲ. ಗೂಗಲ್‌ನಲ್ಲಿ ಬರೀ ಸೈನ್ 30 ಅಂತ ಹುಡುಕಿದರೆ ರೇಡಿಯನ್ ಅಂತಲೇ ತೆಗೆದುಕೊಳ್ಳುತ್ತದೆ. ಪಕ್ಕದಲ್ಲಿ ಡಿಗ್ರೀಸ್ ಅಂತ ಇಂಗ್ಲಿಷಿನಲ್ಲಿ ಸೇರಿಸಿದರೆ 0.5 ಬರುತ್ತದೆ. ಎಕ್ಸೆಲ್‌ಗೆ ಡಿಗ್ರಿ ಗೊತ್ತೇ ಇಲ್ಲ, ಕೋನವನ್ನು ರೇಡಿಯನ್ಸ್ ಎಂಬ ಫಲನದೊಳಗೆ ಹಾಕಿ ಆಮೇಲೆ ಸೈನ್‌ಗೆ ಕೊಡಬೇಕು.

ಮಗನ ಕ್ಯಾಲ್ಕುಲೇಟರಿನಲ್ಲಿ ಸೈನ್ 60ಕ್ಕೆ √3/2 ಅಂತಲೂ ಫೋನಿನಲ್ಲಿ 0.866 ಅಂತಲೂ ಬಂದರೆ ಎರಡೂ ಒಂದೇ. ಕ್ಯಾಲ್ಕುಲೇಟರಿನ ಎಸ್-ಡಿ ಗುಂಡಿ ಒತ್ತಿದರೆ ದಶಮಾಂಶಕ್ಕೆ ತಿರುಗುತ್ತದೆ.

ಪ್ರಶ್ನೆ: ಕಾಲುವೆಯ ಇಳಿಜಾರು ಅರ್ಧ ಡಿಗ್ರಿ. ಟ್ಯಾನ್ 0.5 ಕೇಳಿದರೆ 8.727 ಅನ್ನುತ್ತಿದೆ. ಮೋಡ್ ಡಿಗ್ರಿಯಲ್ಲೇ ಇದೆ.
— ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ, ಮಳವಳ್ಳಿ

ಉತ್ತರ: ಪರದೆಯ ಬಲತುದಿ ನೋಡಿ. ಅಲ್ಲಿ ಚಿಕ್ಕದಾಗಿ ×10⁻³ ಅಥವಾ ಬರೀ −03 ಅಂತ ಇರುತ್ತದೆ. ಉತ್ತರ 0.008727, ಅಂದರೆ 100 ಮೀಟರಿಗೆ 87 ಸೆಂಟಿಮೀಟರ್ ಇಳಿತ. 0.01ಕ್ಕಿಂತ ಚಿಕ್ಕ ಸಂಖ್ಯೆಗಳನ್ನು ಕ್ಯಾಲ್ಕುಲೇಟರ್ ಹೀಗೆ ಘಾತದಲ್ಲಿ ತೋರಿಸುವುದು ನಾರ್ಮ್ 1 ಎಂಬ ಸೆಟ್ಟಿಂಗಿನಲ್ಲಿ. ನಾರ್ಮ್ 2 ಮಾಡಿಕೊಂಡರೆ ನೇರ ದಶಮಾಂಶದಲ್ಲೇ ಬರುತ್ತದೆ: ಇಎಸ್ ಪ್ಲಸ್‌ನಲ್ಲಿ ಶಿಫ್ಟ್, ಮೋಡ್, 8, 2. ಎಂಎಸ್‌ನಲ್ಲಿ ಫಿಕ್ಸ್, ಸೈ, ನಾರ್ಮ್ ಕಾಣುವವರೆಗೆ ಮೋಡ್ ಒತ್ತಿ, 3, ಆಮೇಲೆ 2. ಫಿಕ್ಸ್ 2ರಲ್ಲಿ ಮಾತ್ರ ಇಡಬೇಡಿ, ಇದೇ ಇಳಿಜಾರು ಅಲ್ಲಿ 0.01 ಅಂತ ಕಾಣುತ್ತದೆ, ನೂರು ಮೀಟರಿಗೆ 13 ಸೆಂಟಿಮೀಟರ್ ಹೆಚ್ಚು ಅಗೆಸಿಬಿಡುತ್ತೀರಿ.